ಗೆರೆ ಎಳೆದು ಓದುವವರು ಇ-ರೀಡರ್ ಕೊಳ್ಳುವ ಮೊದಲು

ಇ-ರೀಡರ್, ಅಂದರೆ ಇ-ಪುಸ್ತಕ ಓದಲೆಂದೇ ಇರುವ ಕಿಂಡಲ್‌ನಂಥ ಸಾಧನ, ಕೊಳ್ಳಬೇಕು ಎಂದಾಗ ಹೆಚ್ಚಿನವರು ಕೇಳುವುದು ಮೂರೇ ಪ್ರಶ್ನೆ. ಸ್ಕ್ರೀನ್ ಎಷ್ಟು ದೊಡ್ಡದು, ಚಾರ್ಜ್ ಎಷ್ಟು ದಿನ ನಿಲ್ಲುತ್ತದೆ, ಬೆಲೆ ಎಷ್ಟು. ಒಂದು ಕಾದಂಬರಿ ಓದಿ ಮುಗಿಸಿ ಮುಂದಿನದಕ್ಕೆ ಹೋಗುವವರಿಗೆ ಅಷ್ಟು ಸಾಕು. ಆದರೆ ಪಿಎಚ್‌ಡಿ ಮಾಡುವವರು, ಕೆಎಎಸ್ ಪರೀಕ್ಷೆಗೆ ಓದುವವರು, ಅನುವಾದಕರು, ಪಾಠ ಮಾಡುವ ಮೇಷ್ಟ್ರುಗಳು, ಪುಸ್ತಕಗಳ ಬಗ್ಗೆ ಬರೆಯುವವರು ಓದುತ್ತಾ ಗೆರೆ ಎಳೆಯುತ್ತಾರೆ, ಅಂಚಿನಲ್ಲಿ ಟಿಪ್ಪಣಿ ಬರೆಯುತ್ತಾರೆ. ಅವರು ನೋಡಬೇಕಾದ ವಿಷಯಗಳೇ ಬೇರೆ.

ಗೆರೆ ಎಳೆಯುವ ಸೌಲಭ್ಯ ಈಗ ಎಲ್ಲ ರೀಡರ್‌ಗಳಲ್ಲೂ ಇದೆ. ಸಾಲಿನ ಮೇಲೆ ಬೆರಳಿಟ್ಟು ಎಳೆದರೆ ಆಯಿತು. ವ್ಯತ್ಯಾಸ ಶುರುವಾಗುವುದು ಅದಾದ ಮೇಲೆ. ಆ ಸಾಲು ನಿಮ್ಮ ಕಂಪ್ಯೂಟರಿಗೆ ಬರುತ್ತದೆಯೇ? ಪೂರ್ತಿ ಬರುತ್ತದೆಯೇ, ಅರ್ಧಕ್ಕೆ ತುಂಡಾಗುತ್ತದೆಯೇ? ಕನ್ನಡದ ಒತ್ತಕ್ಷರಗಳು ಸರಿಯಾಗಿ ಉಳಿಯುತ್ತವೆಯೇ? ಪುಸ್ತಕ ಮಾರಿದ ಕಂಪನಿ ನಾಳೆ ಅಂಗಡಿ ಮುಚ್ಚಿದರೆ ನಿಮ್ಮ ಟಿಪ್ಪಣಿಗಳ ಗತಿ ಏನು?

ಕೊನೆಯ ಪ್ರಶ್ನೆ ಸುಮ್ನೆ ಹೆದರಿಸಲು ಕೇಳಿದ್ದಲ್ಲ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿತು. ಜನ ಕೊಂಡಿದ್ದ ಪುಸ್ತಕಗಳು ಅವರ ಸಾಧನಗಳಿಂದ ಮಾಯವಾದವು. ಪುಸ್ತಕದ ದುಡ್ಡು ವಾಪಸ್ ಬಂತು. ಪುಸ್ತಕದಲ್ಲಿ ಟಿಪ್ಪಣಿ ಮಾಡಿಕೊಂಡಿದ್ದವರಿಗೆ ಹೆಚ್ಚುವರಿಯಾಗಿ 25 ಡಾಲರ್ ಕೊಟ್ಟರು. ಪುಸ್ತಕವನ್ನಾದರೂ ಇನ್ನೊಂದು ಕಡೆ ಕೊಳ್ಳಬಹುದು. ವರ್ಷಗಟ್ಟಲೆ ಓದಿ ಬರೆದುಕೊಂಡ ಟಿಪ್ಪಣಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟು: ಟಿಪ್ಪಣಿ ಹೊರಗೆ ಬರುವ ದಾರಿಯನ್ನು ಮೊದಲು ನೋಡಿ, ಆಮೇಲೆ ಯಂತ್ರ ಆರಿಸಿ.

ಹೆಜ್ಜೆ 1: ಗೆರೆಗಳು ಎಲ್ಲಿಗೆ ಹೋಗಿ ಸೇರಬೇಕು?

ಒಂದು ಹಾಳೆ ತೆಗೆದುಕೊಂಡು, ನಿಮ್ಮ ಟಿಪ್ಪಣಿಗಳು ಕೊನೆಗೆ ಎಲ್ಲಿರಬೇಕು ಎಂದು ಬರೆಯಿರಿ. ಗೂಗಲ್ ಡಾಕ್ಸ್‌ನಲ್ಲೇ? ವರ್ಡ್ ಫೈಲಿನಲ್ಲೇ? ಆಬ್ಸಿಡಿಯನ್, ಜಾಪ್ಲಿನ್ ಥರದ ನೋಟ್ಸ್ ಆ್ಯಪ್‌ನಲ್ಲೇ? ಸಂಶೋಧಕರಾದರೆ ಆಕರಗಳನ್ನು ಜೋಡಿಸಿಡುವ ಜೊಟೆರೊ ತಂತ್ರಾಂಶದಲ್ಲೇ? ಉತ್ತರ ಯಾವುದೇ ಇರಲಿ, ಅದು ಬೇಗ ಸ್ಪಷ್ಟವಾದಷ್ಟೂ ಒಳ್ಳೆಯದು. ಆಬ್ಸಿಡಿಯನ್ ಬಳಸುವವರಿಗೆ ಮಾರ್ಕ್‌ಡೌನ್ (ಸರಳ ಗುರುತುಗಳಿರುವ ಟೆಕ್ಸ್ಟ್) ಅಥವಾ ಸಾದಾ ಟೆಕ್ಸ್ಟ್ ಫೈಲ್ ಬೇಕು. ಪಿಎಚ್‌ಡಿ ವಿದ್ಯಾರ್ಥಿಗೆ ಪುಟಸಂಖ್ಯೆ ಇಲ್ಲದ ಉಲ್ಲೇಖದಿಂದ ಉಪಯೋಗವಿಲ್ಲ. ವಾರಕ್ಕೊಮ್ಮೆ ಗೆರೆ ಎಳೆದ ಸಾಲುಗಳನ್ನು ಓದಿಕೊಂಡರೆ ಸಾಕು ಅನ್ನುವವರಿಗೆ ಇಮೇಲ್‌ಗೆ ಬರುವ ಒಂದು ಪಿಡಿಎಫ್ ಧಾರಾಳವಾಯಿತು.

ಹೆಜ್ಜೆ 2: ನೀವು ಓದುವ ಪುಸ್ತಕ ಯಾವ ರೂಪದಲ್ಲಿದೆ?

ಇಂಗ್ಲಿಷ್ ಪುಸ್ತಕಗಳನ್ನು ಮಾತ್ರ ಓದುವವರು ಈ ಹೆಜ್ಜೆಯನ್ನು ಬೇಗ ದಾಟಬಹುದು. ಕನ್ನಡ ಓದುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಪುಸ್ತಕಗಳು ಒಂದೇ ಕಡೆ, ಒಂದೇ ರೂಪದಲ್ಲಿ ಸಿಗುವುದಿಲ್ಲ. ಅಮೆಜಾನ್ 2016ರ ಡಿಸೆಂಬರ್‌ನಲ್ಲಿ ಭಾರತೀಯ ಭಾಷೆಗಳ ಕಿಂಡಲ್ ಪುಸ್ತಕಗಳನ್ನು ಶುರು ಮಾಡಿದಾಗ ಆ ಪಟ್ಟಿಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ಹಾಗಾಗಿ ಕನ್ನಡದ ಇ-ಪುಸ್ತಕಗಳು ಬೇರೆ ದಾರಿ ಹುಡುಕಿಕೊಂಡವು. ಇವತ್ತು ಕನ್ನಡ ಓದುಗರ ಕೈಗೆ ಬರುವ ಡಿಜಿಟಲ್ ಪುಸ್ತಕ ಸಾಮಾನ್ಯವಾಗಿ ಈ ಕೆಳಗಿನ ಯಾವುದಾದರೂ ಒಂದು ರೂಪದಲ್ಲಿರುತ್ತದೆ.

ಮೊದಲನೆಯದು ಆ್ಯಪ್ ಒಳಗಿನ ಪುಸ್ತಕ. ಮೈಲ್ಯಾಂಗ್, ಋತುಮಾನ ಮುಂತಾದ ಆ್ಯಪ್‌ಗಳಲ್ಲಿ ಕೊಂಡದ್ದು, ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕೊಂಡದ್ದು. ಹೊಸ ಕನ್ನಡ ಪುಸ್ತಕಗಳು ಜಾಸ್ತಿ ಸಿಗುವುದು ಇಲ್ಲೇ. ಇವನ್ನು ಓದಲು ಆ್ಯಪ್ ಹಾಕಿಕೊಳ್ಳಬಹುದಾದ ಸಾಧನ ಬೇಕು. ಕಿಂಡಲ್ ಮತ್ತು ಕೋಬೋ ರೀಡರ್‌ಗಳಲ್ಲಿ ಇಂಥ ಆ್ಯಪ್ ಹಾಕಲು ಆಗುವುದಿಲ್ಲ. ನಿಮ್ಮ ಓದಿನ ಬಹುಪಾಲು ಇದೇ ಆಗಿದ್ದರೆ ಆಯ್ಕೆ ಇಲ್ಲೇ ಅರ್ಧ ಮುಗಿಯಿತು. ನಿಮಗೆ ಬೇಕಾದದ್ದು ಆಂಡ್ರಾಯ್ಡ್ ಇರುವ ಇ-ಇಂಕ್ (ಕಾಗದದಂತೆ ಕಾಣುವ ಸ್ಕ್ರೀನ್) ರೀಡರ್.

ಎರಡನೆಯದು ಇ-ಪಬ್ ಎಂಬ ಇ-ಪುಸ್ತಕದ ಫೈಲ್ ರೂಪ. ಪುಸ್ತಕದ ಅಕ್ಷರ ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತದಲ್ಲಿ ಇರುತ್ತದೆ, ಫಾಂಟ್ ದೊಡ್ಡದು ಚಿಕ್ಕದು ಮಾಡಬಹುದು, ಗೆರೆ ಎಳೆದ ಸಾಲು ಅಕ್ಷರವಾಗಿಯೇ ಹೊರಗೆ ಬರುತ್ತದೆ. ಗೆರೆ ಎಳೆಯುವವರಿಗೆ ಇದಕ್ಕಿಂತ ಒಳ್ಳೆಯ ರೂಪ ಇಲ್ಲ. ಕನ್ನಡ ವಿಕಿಸೋರ್ಸ್‌ನಲ್ಲಿರುವ ಪುಸ್ತಕಗಳನ್ನು ಇ-ಪಬ್ ಆಗಿ ಇಳಿಸಿಕೊಳ್ಳಬಹುದು. ಹಳೆಯ ಕನ್ನಡ ಸಾಹಿತ್ಯ ಓದುವವರಿಗೆ ಇದು ದೊಡ್ಡ ಅನುಕೂಲ. ಎಷ್ಟೋ ಜನರಿಗೆ ಈ ಸೌಲಭ್ಯ ಇರುವುದೇ ಗೊತ್ತಿಲ್ಲ.

ಮೂರನೆಯದು ಸ್ಕ್ಯಾನ್ ಮಾಡಿದ ಪಿಡಿಎಫ್. ಇಂಟರ್ನೆಟ್ ಆರ್ಕೈವ್‌ನಲ್ಲಿ ಇಂಥ ಕನ್ನಡ ಪುಸ್ತಕಗಳು ರಾಶಿ ರಾಶಿ ಇವೆ. ಪ್ರತಿ ಪುಟವೂ ಒಂದು ಫೋಟೋ. ಫೋಟೋದ ಮೇಲೆ ಗೆರೆ ಎಳೆದರೆ ಹೊರಗೆ ಬರಲು ಅಕ್ಷರವೇ ಇರುವುದಿಲ್ಲ. ಕೆಲವು ಫೈಲ್‌ಗಳಲ್ಲಿ ಫೋಟೋದ ಹಿಂದೆ ಯಂತ್ರ ಓದಿ ಜೋಡಿಸಿದ ಅಕ್ಷರದ ಪದರ ಇರುತ್ತದೆ. ಅಂಥದ್ದರಲ್ಲಿ ಗೆರೆ ಎಳೆಯಬಹುದು. ಆದರೆ ಹಳೆಯ ಮೊಳೆ ಅಚ್ಚಿನ ಪುಸ್ತಕಗಳಲ್ಲಿ ಒತ್ತು, ದೀರ್ಘ ತಪ್ಪಾಗುವುದು ಸಾಮಾನ್ಯ. ಅಕ್ಷರದ ಪದರ ಇಲ್ಲದಿದ್ದರೆ ನೀವೇ ಹಾಕಬಹುದು. ಟೆಸೆರಾಕ್ಟ್ ಎಂಬ ಉಚಿತ ತಂತ್ರಾಂಶ ಕನ್ನಡ ಗುರುತಿಸುತ್ತದೆ. ಅದನ್ನು ಬಳಸಿಕೊಂಡು ಓಸಿಆರ್‌ಮೈಪಿಡಿಎಫ್ ಎಂಬ ಇನ್ನೊಂದು ತಂತ್ರಾಂಶ ಇಡೀ ಪಿಡಿಎಫ್‌ಗೆ ಅಕ್ಷರದ ಪದರ ಜೋಡಿಸುತ್ತದೆ. ಕೆಲವೇ ಪುಟ ಸಾಕು ಎಂದರೆ ಗೂಗಲ್ ಡ್ರೈವ್‌ಗೆ ಫೈಲ್ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಕನ್ನಡ ಅಕ್ಷರ ಬೇರೆಯಾಗಿ ಬರುತ್ತದೆ.

ನಾಲ್ಕನೆಯದು ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುವ, ಒಳಗೆ ತೊಂದರೆ ಇರುವ ಪಿಡಿಎಫ್. ನುಡಿ ಅಥವಾ ಬರಹದ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಡಿಟಿಪಿ ಮಾಡಿದ ಪುಸ್ತಕಗಳು ಈ ಗುಂಪಿಗೆ ಸೇರುತ್ತವೆ. ಓದಲು ಅಚ್ಚುಕಟ್ಟಾದ ಕನ್ನಡ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಇದಕ್ಕೆ ಕಾರಣ ಸರಳ. ಆ ಫೈಲಿನ ಒಳಗಿರುವುದು ಕನ್ನಡ ಅಕ್ಷರವಲ್ಲ, ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ ಕನ್ನಡದ ಚಿತ್ರಗಳು. ಯಾವ ದುಬಾರಿ ರೀಡರ್ ತಂದರೂ ಇದು ಸರಿಹೋಗುವುದಿಲ್ಲ. ಹೊರತೆಗೆದ ಮೇಲೆ ಆಸ್ಕಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಬೇಕು. ಇಂಥ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಯೂನಿಕೋಡ್‌ನಲ್ಲೇ ಮಾಡಿದ ಪಿಡಿಎಫ್‌ನಲ್ಲೂ ಕಾಪಿ ಮಾಡಿದಾಗ ಒತ್ತಕ್ಷರ ಹಿಂದೆ ಮುಂದಾಗುವುದುಂಟು. ಪಿಡಿಎಫ್ ಎನ್ನುವುದು ಪುಟ ಹೇಗೆ ಕಾಣಬೇಕು ಎಂದು ನೆನಪಿಟ್ಟುಕೊಳ್ಳುತ್ತದೆಯೇ ಹೊರತು, ಅಕ್ಷರಗಳ ಕ್ರಮವನ್ನು ನಮ್ಮ ಲಿಪಿಗೆ ತಕ್ಕಂತೆ ಕಾಪಾಡುವುದಿಲ್ಲ.

ಪ್ರಕಾಶಕರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ದಯವಿಟ್ಟು ಇ-ಪಬ್ ಕೂಡ ಕೊಡಿ. ಓದುಗರು ನಿಮ್ಮ ಪುಸ್ತಕದ ಸಾಲುಗಳನ್ನು ಸರಿಯಾಗಿ ಉಲ್ಲೇಖಿಸಲು ಅದೊಂದೇ ನಂಬಬಹುದಾದ ದಾರಿ.

ಹೆಜ್ಜೆ 3: ಕೊಳ್ಳುವ ಮೊದಲೇ ಕೈಯಲ್ಲಿರುವ ಫೋನಿನಲ್ಲಿ ಪರೀಕ್ಷೆ ಮಾಡಿ

ಇದಕ್ಕೆ ದುಡ್ಡು ಖರ್ಚಿಲ್ಲ, ಒಂದು ಸಂಜೆ ಸಾಕು. ನೀವು ನಿಜವಾಗಿ ಓದುವ ಪುಸ್ತಕಗಳಲ್ಲಿ ನಾಲ್ಕೈದು ಆರಿಸಿ. ಒಂದು ಇಂಗ್ಲಿಷ್, ಒಂದು ಕನ್ನಡ ಇ-ಪಬ್, ಒಂದು ಕನ್ನಡ ಪಿಡಿಎಫ್, ಆ್ಯಪ್‌ನಲ್ಲಿ ಕೊಂಡದ್ದು ಒಂದು. ಪ್ರತಿಯೊಂದರಲ್ಲೂ ಕೆಲವು ಸಾಲಿಗೆ ಗೆರೆ ಎಳೆಯಿರಿ. ಒತ್ತಕ್ಷರ ಜಾಸ್ತಿ ಇರುವ ಸಾಲನ್ನೇ ಆರಿಸಿ. ಪುಟದ ಕೊನೆಯಲ್ಲಿ ಶುರುವಾಗಿ ಮುಂದಿನ ಪುಟಕ್ಕೆ ಹೋಗುವ ವಾಕ್ಯವೂ ಇರಲಿ. ಒಂದೆರಡು ಕಡೆ ಕನ್ನಡದಲ್ಲಿ ಟಿಪ್ಪಣಿ ಟೈಪ್ ಮಾಡಿ. ಆಮೇಲೆ ಹೊರತೆಗೆಯಲು ನೋಡಿ.

ಕಿಂಡಲ್ ಆ್ಯಪ್‌ನಲ್ಲಿ ಪುಸ್ತಕದ ನೋಟ್‌ಬುಕ್ ತೆರೆದರೆ ಟಿಪ್ಪಣಿಗಳನ್ನು ಇಮೇಲ್ ಮಾಡುವ ಆಯ್ಕೆ ಇದೆ. ಗೂಗಲ್ ಪ್ಲೇ ಬುಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಟಿಪ್ಪಣಿಗಳನ್ನು ಗೂಗಲ್ ಡ್ರೈವ್‌ನಲ್ಲಿ ಉಳಿಸುವ ಆಯ್ಕೆ ಆನ್ ಮಾಡಿದರೆ, ಕೊಂಡ ಪುಸ್ತಕದ ಗೆರೆಗಳೆಲ್ಲ ಒಂದು ಡಾಕ್ಯುಮೆಂಟ್ ಆಗಿ ತಾವಾಗಿಯೇ ಹೋಗಿ ಕೂರುತ್ತವೆ. ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕ ಓದುವವರಿಗೆ ಇದು ನನ್ನ ಮೆಚ್ಚಿನ ಸೌಲಭ್ಯ. ಕನ್ನಡ ಪುಸ್ತಕದ ಆ್ಯಪ್‌ಗಳಲ್ಲಿ ಗೆರೆ ಎಳೆಯಲು ಬಿಡುತ್ತದೆಯೇ, ಕಾಪಿ ಮಾಡಲು ಬಿಡುತ್ತದೆಯೇ, ಒಟ್ಟಿಗೆ ಹೊರತೆಗೆಯಬಹುದೇ ಎಂದು ಒಂದೊಂದಾಗಿ ನೋಡಿ. ಬಿಡದಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಅಕ್ಷರ ಪಡೆಯುವ ದಾರಿ ಇದೆ. ಒಂದೆರಡು ಉಲ್ಲೇಖಕ್ಕೆ ಅದು ಸರಿ. ಇಡೀ ಪುಸ್ತಕಕ್ಕೆ ಆ ಕೆಲಸ ಯಾರಿಗೂ ಬೇಡ.

ಈ ಪರೀಕ್ಷೆ ಆದ ಮೇಲೆ ನಿಮ್ಮ ಹತ್ತಿರ ಒಂದು ಸಣ್ಣ ಪಟ್ಟಿ ಇರುತ್ತದೆ. ಯಾವ ಪುಸ್ತಕದ ಗೆರೆ ಹೊರಗೆ ಬಂತು, ಯಾವುದು ಬರಲಿಲ್ಲ ಎಂದು. ಅಂಗಡಿಯವರ ಯಾವ ಜಾಹೀರಾತಿಗಿಂತಲೂ ಆ ಪಟ್ಟಿಯನ್ನು ನಂಬಿ.

ಹೆಜ್ಜೆ 4: ಯಂತ್ರಗಳನ್ನು ಒಂದೊಂದಾಗಿ ನೋಡೋಣ

ಕಿಂಡಲ್‌ನಿಂದ ಶುರು ಮಾಡುವುದು ಸಹಜ. ಭಾರತದಲ್ಲಿ ಸುಲಭವಾಗಿ ಸಿಗುವ ಹೆಸರು ಅದೇ. 2025ರ ಏಪ್ರಿಲ್‌ನಲ್ಲಿ ಹೊಸ ಪೇಪರ್‌ವೈಟ್ ಇಲ್ಲಿಗೆ ಬಂದಾಗ ಅದರ ಬೆಲೆ 16,999 ರೂಪಾಯಿ, ಸ್ಕ್ರೀನ್ 7 ಇಂಚು.

ಕಿಂಡಲ್‌ನಲ್ಲಿ ಟಿಪ್ಪಣಿ ಹೊರಗೆ ಬರಲು ಹಲವು ದಾರಿಗಳಿವೆ. ಎಲ್ಲಕ್ಕಿಂತ ಹಳೆಯದು, ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು, ‘ಮೈ ಕ್ಲಿಪಿಂಗ್ಸ್’ ಎಂಬ ಟೆಕ್ಸ್ಟ್ ಫೈಲ್. ಕಿಂಡಲನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಡಾಕ್ಯುಮೆಂಟ್ಸ್ ಫೋಲ್ಡರ್ ತೆರೆದರೆ ಈ ಫೈಲ್ ಕಾಣುತ್ತದೆ. ನೀವು ಆ ಯಂತ್ರದಲ್ಲಿ ಎಳೆದ ಗೆರೆ, ಬರೆದ ಟಿಪ್ಪಣಿ ಎಲ್ಲವೂ ಪುಸ್ತಕದ ಹೆಸರು, ಜಾಗ, ದಿನಾಂಕದ ಸಮೇತ ಅದರಲ್ಲಿರುತ್ತದೆ. ಕೊಂಡ ಪುಸ್ತಕ, ನೀವೇ ಹಾಕಿಕೊಂಡ ಪುಸ್ತಕ ಎಂಬ ಭೇದ ಇಲ್ಲ. ಇಂಟರ್ನೆಟ್ ಬೇಡ, ಖಾತೆ ಬೇಡ. ಇಪ್ಪತ್ತು ವರ್ಷ ಬಿಟ್ಟು ತೆರೆದರೂ ಓದಬಹುದಾದ ಫೈಲ್ ಅದು.

ಅದಕ್ಕೂ ಕೆಲವು ಮಿತಿ ಇವೆ. ಗೆರೆಯನ್ನು ತಿದ್ದಿದರೆ ಹಳೆಯದು ಅಳಿಯುವುದಿಲ್ಲ, ಹೊಸದು ಕೆಳಗೆ ಸೇರಿಕೊಳ್ಳುತ್ತದೆ. ಹಾಗಾಗಿ ಒಂದೇ ಸಾಲು ಎರಡು ಮೂರು ಸಲ ಕಾಣಬಹುದು. ಗೆರೆಯ ಬಣ್ಣ ಅದರಲ್ಲಿ ದಾಖಲಾಗುವುದಿಲ್ಲ. ಫೋನಿನ ಆ್ಯಪ್‌ನಲ್ಲಿ ಎಳೆದ ಗೆರೆ ಈ ಫೈಲಿಗೆ ಬರುವುದಿಲ್ಲ. 2024ರಲ್ಲಿ ಬಂದ ಕಿಂಡಲ್‌ಗಳು ಕಂಪ್ಯೂಟರಿಗೆ ಜೋಡಣೆಯಾಗುವ ರೀತಿ ಬದಲಾಗಿದೆ. ವಿಂಡೋಸ್‌ನಲ್ಲಿ ತೊಂದರೆ ಇಲ್ಲ. ಮ್ಯಾಕ್ ಇರುವವರು ಅದಕ್ಕೊಂದು ಬೇರೆ ತಂತ್ರಾಂಶ ಹಾಕಿಕೊಳ್ಳಬೇಕು.

ಎರಡನೆಯ ದಾರಿ ಕಿಂಡಲ್ ನೋಟ್‌ಬುಕ್ ಎಂಬ ವೆಬ್ ಪುಟ. ಅಮೆಜಾನ್‌ನಲ್ಲಿ ಕೊಂಡ ಪುಸ್ತಕಗಳ ಗೆರೆಗಳೆಲ್ಲ ಅಲ್ಲಿ ಸಾಲಾಗಿ ಕಾಣುತ್ತವೆ, ಬೇಕಾದಷ್ಟು ಕಾಪಿ ಮಾಡಿಕೊಳ್ಳಬಹುದು. ಮೂರನೆಯದು ಯಂತ್ರದಿಂದಲೇ ಇಮೇಲ್ ಕಳಿಸುವುದು. ಪಿಡಿಎಫ್ ಜೊತೆಗೆ ಸಿಎಸ್‌ವಿ ಎಂಬ ಕೋಷ್ಟಕದ ಫೈಲೂ ಬರುತ್ತದೆ. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದರೆ ಕನ್ನಡ ಅಕ್ಷರ ಚಿಂದಿಯಾಗಿ ಕಾಣಬಹುದು. ಗಾಬರಿ ಬೇಡ, ಫೈಲ್ ಕೆಟ್ಟಿಲ್ಲ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಯುಟಿಎಫ್-8 ಎಂದು ಆರಿಸಿದರೆ ಸರಿಯಾಗುತ್ತದೆ. ಗೂಗಲ್ ಶೀಟ್ಸ್‌ನಲ್ಲಿ ತೆರೆಯುವುದು ಇನ್ನೂ ಸುಲಭ.

ಈಗ ಕಿಂಡಲ್‌ನ ದೊಡ್ಡ ತೊಡಕಿಗೆ ಬರೋಣ. ಕೊಂಡ ಪುಸ್ತಕದಿಂದ ಎಷ್ಟು ಭಾಗ ಹೊರತೆಗೆಯಬಹುದು ಎಂಬುದಕ್ಕೆ ಪ್ರಕಾಶಕರು ಮಿತಿ ಹಾಕಿರುತ್ತಾರೆ. ಸಾಮಾನ್ಯವಾಗಿ ಪುಸ್ತಕದ ಶೇ. 10ರ ಆಸುಪಾಸು. ಆ ಮಿತಿ ದಾಟಿದ ಮೇಲೆ ಯಂತ್ರದಲ್ಲಿ ಗೆರೆ ಕಾಣುತ್ತದೆ, ಆದರೆ ಹೊರಗೆ ಬರುವಾಗ ಸಾಲು ತುಂಡಾಗುತ್ತದೆ. ಇಲ್ಲವೇ ಸಾಲಿನ ಬದಲು ‘ಮಿತಿ ಮುಗಿದಿದೆ’ ಎಂಬ ಅರ್ಥದ ಸೂಚನೆ ಬರುತ್ತದೆ. ಧಾರಾಳವಾಗಿ ಗೆರೆ ಎಳೆಯುವವರಿಗೆ, ಅದರಲ್ಲೂ ಪಠ್ಯಪುಸ್ತಕ ಓದುವವರಿಗೆ, ಇದು ಅರ್ಧ ಪುಸ್ತಕದ ಹೊತ್ತಿಗೇ ಎದುರಾಗುತ್ತದೆ. ಮುಖ್ಯವಾದ ವಾಕ್ಯಕ್ಕೆ ಮಾತ್ರ ಗೆರೆ ಎಳೆಯುವುದು, ಇಡೀ ಪ್ಯಾರಾ ಬೇಕೆನಿಸಿದರೆ ಮೊದಲ ಕೆಲವು ಪದಗಳಿಗೆ ಗೆರೆ ಎಳೆದು ಟಿಪ್ಪಣಿಯಲ್ಲಿ ಸಾರಾಂಶ ಬರೆಯುವುದು ಒಳ್ಳೆಯ ಅಭ್ಯಾಸ. ನೀವು ಬರೆದ ಟಿಪ್ಪಣಿಗೆ ಈ ಮಿತಿ ಇಲ್ಲ. ನೀವೇ ಹಾಕಿಕೊಂಡ ಇ-ಪಬ್‌ಗೂ ಇಲ್ಲ.

ನಿಮ್ಮದೇ ಪುಸ್ತಕ ಹಾಕಲು ಸೆಂಡ್ ಟು ಕಿಂಡಲ್ ಎಂಬ ಸೇವೆ ಇದೆ. 2022ರಿಂದ ಅದು ಇ-ಪಬ್ ಒಪ್ಪುತ್ತದೆ. ವೆಬ್ ಮೂಲಕ ಕಳಿಸುವಾಗ ಫೈಲ್ 200 ಎಂಬಿ ಮೀರಬಾರದು, ಇಮೇಲ್ ಮೂಲಕವಾದರೆ 50 ಎಂಬಿ. ಸ್ಕ್ಯಾನ್ ಮಾಡಿದ ದಪ್ಪ ಪುಸ್ತಕಗಳು ಈ ಮಿತಿ ಮೀರುವುದುಂಟು, ಆಗ ಕೇಬಲ್ಲೇ ಗತಿ. ಇನ್ನೊಂದು ವಿಷಯ. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್ ಮೂಲಕ ಹಾಕುವ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿ 26ರಂದು ನಿಲ್ಲಿಸಿತು. ಪುಸ್ತಕ ಅವರ ಹತ್ತಿರ ಉಳಿಯುತ್ತದೆ ಎಂದಾದಾಗ ಟಿಪ್ಪಣಿಯಾದರೂ ನಮ್ಮ ಹತ್ತಿರ ಇರಬೇಕು, ಅಲ್ವಾ?

ಕೋಬೋ ಕೆನಡಾದ ಕಂಪನಿ, ಈಗ ಜಪಾನಿನ ರಾಕುಟೆನ್ ಒಡೆತನದಲ್ಲಿದೆ. ಇಲ್ಲಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಅಮೆರಿಕ, ಕೆನಡಾ, ಯುರೋಪಿನಲ್ಲಿರುವ ಕನ್ನಡಿಗರಿಗೆ ಮಾತ್ರ ಇದು ಬಹಳ ಒಳ್ಳೆಯ ಆಯ್ಕೆ. ಅಲ್ಲಿನ ಸಾರ್ವಜನಿಕ ಗ್ರಂಥಾಲಯದಿಂದ ಓವರ್‌ಡ್ರೈವ್ ಎಂಬ ಸೇವೆಯ ಮೂಲಕ ಪುಸ್ತಕ ಎರವಲು ತರುವ ಸೌಲಭ್ಯ ಯಂತ್ರದೊಳಗೇ ಇದೆ. ಎರವಲು ತಂದ ಪುಸ್ತಕ ವಾಪಸ್ ಹೋಗುವ ಮೊದಲು ಟಿಪ್ಪಣಿ ಹೊರತೆಗೆದುಕೊಳ್ಳಿ.

ಕೋಬೋದಲ್ಲಿ ಎಲ್ಲ ಗೆರೆಗಳೂ ಒಂದು ಡೇಟಾಬೇಸ್ ಫೈಲಿನಲ್ಲಿ ಸೇರುತ್ತವೆ. ಅದು ‘ಕೋಬೋ’ ಹೆಸರಿನ, ಹೆಸರಿನ ಮುಂದೆ ಚುಕ್ಕಿ ಇರುವ ಅಡಗಿದ ಫೋಲ್ಡರಿನಲ್ಲಿದೆ. ಕಂಪ್ಯೂಟರಿನಲ್ಲಿ ಅಡಗಿದ ಫೋಲ್ಡರ್‌ಗಳನ್ನು ತೋರಿಸುವ ಸೆಟ್ಟಿಂಗ್ ಆನ್ ಮಾಡಿದರೆ ಕಾಣುತ್ತದೆ. ಅದನ್ನು ನೇರವಾಗಿ ಓದಲು ಆಗುವುದಿಲ್ಲ. ಕ್ಯಾಲಿಬರ್ ಎಂಬ ಉಚಿತ ತಂತ್ರಾಂಶಕ್ಕೆ ಕೋಬೋಗೆಂದೇ ಇರುವ ಪ್ಲಗಿನ್ ಹಾಕಿಕೊಂಡರೆ ಗೆರೆಗಳನ್ನು ಹೊರತೆಗೆದುಕೊಡುತ್ತದೆ. ಯಂತ್ರದ ಕಾನ್ಫಿಗರೇಶನ್ ಫೈಲಿನಲ್ಲಿ ಒಂದು ಸಾಲು ಸೇರಿಸಿ, ಟಿಪ್ಪಣಿಗಳನ್ನು ಟೆಕ್ಸ್ಟ್ ಫೈಲ್ ಆಗಿ ಉಳಿಸುವ ಮೆನು ತರಿಸಿಕೊಳ್ಳುವವರೂ ಇದ್ದಾರೆ. ಫೈಲ್ ತಿದ್ದಲು ಹಿಂಜರಿಯುವವರಿಗೆ ಕ್ಯಾಲಿಬರ್ ದಾರಿಯೇ ವಾಸಿ. ಕ್ಯಾಲಿಬರ್ ಹೇಗೂ ನಿಮ್ಮ ಕಂಪ್ಯೂಟರಿನಲ್ಲಿರಲಿ. ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ ಈ ತಂತ್ರಾಂಶಕ್ಕೆ ಗೆರೆ ಎಳೆದು ಓದುವವರೆಲ್ಲ ಋಣಿಗಳು. ಅದರಲ್ಲೇ ಪುಸ್ತಕ ತೆರೆದು, ಗೆರೆ ಎಳೆದು, ಹೊರತೆಗೆಯಲೂ ಬಹುದು.

ಇನ್ನು ಆಂಡ್ರಾಯ್ಡ್ ರೀಡರ್‌ಗಳು. ಇವುಗಳಲ್ಲಿ ಹೆಚ್ಚು ಕೇಳಿಬರುವ ಹೆಸರು ಚೀನಾದ ಓನಿಕ್ಸ್ ಕಂಪನಿಯ ಬೂಕ್ಸ್. ಫೋನಿನ ಹಾಗೆ ಪ್ಲೇ ಸ್ಟೋರ್ ಇದೆ. ಮೈಲ್ಯಾಂಗ್, ಪ್ಲೇ ಬುಕ್ಸ್, ಕಿಂಡಲ್ ಎಲ್ಲವನ್ನೂ ಒಂದೇ ಯಂತ್ರದಲ್ಲಿ ಹಾಕಿಕೊಳ್ಳಬಹುದು. ಗೂಗಲ್‌ನ ಜಿಬೋರ್ಡ್ ಕೀಬೋರ್ಡ್ ಹಾಕಿಕೊಂಡರೆ ಕನ್ನಡದಲ್ಲೇ ಟಿಪ್ಪಣಿ ಟೈಪ್ ಮಾಡಬಹುದು. ನನಗೆ ಇದು ಸಣ್ಣ ವಿಷಯ ಅನ್ನಿಸುವುದಿಲ್ಲ. ಕನ್ನಡ ಪುಸ್ತಕ ಓದುತ್ತಾ ಇಂಗ್ಲಿಷ್ ಅಕ್ಷರದಲ್ಲಿ ಟಿಪ್ಪಣಿ ಬರೆದರೆ ಆರು ತಿಂಗಳ ಮೇಲೆ ಹುಡುಕುವಾಗ ಸಿಗುವುದಿಲ್ಲ. ಬೂಕ್ಸ್‌ನ ಸ್ವಂತ ಓದುವ ಆ್ಯಪ್ ನಿಯೋರೀಡರ್. ಅದರಲ್ಲಿ ಗೆರೆ ಮತ್ತು ಟಿಪ್ಪಣಿಗಳನ್ನು ಟೆಕ್ಸ್ಟ್ ಫೈಲ್ ಆಗಿ ತೆಗೆಯಬಹುದು. ಪಿಡಿಎಫ್ ಆದರೆ ಗೆರೆಗಳ ಸಮೇತ ಹೊಸ ಪಿಡಿಎಫ್ ಮಾಡಿಕೊಳ್ಳಬಹುದು.

ಕನ್ನಡವನ್ನೇ ಜಾಸ್ತಿ ಓದುವವರಿಗೆ ನಾನು ಹೇಳುವುದು ಇಂಥ ಆಂಡ್ರಾಯ್ಡ್ ರೀಡರನ್ನೇ. ಆದರೆ ಕೆಲವು ವಿಷಯ ಗೊತ್ತಿರಲಿ. ಚಾರ್ಜ್ ಕಿಂಡಲ್‌ನಷ್ಟು ದಿನ ನಿಲ್ಲುವುದಿಲ್ಲ. ಬೆಲೆ ಜಾಸ್ತಿ. ಸರ್ವಿಸ್ ಎಲ್ಲಿ ಸಿಗುತ್ತದೆ, ವಾರಂಟಿ ಯಾರು ಕೊಡುತ್ತಾರೆ ಎಂದು ಕೊಳ್ಳುವ ಮೊದಲೇ ಬರವಣಿಗೆಯಲ್ಲಿ ಕೇಳಿ. ಇವುಗಳ ಆಂಡ್ರಾಯ್ಡ್ ಸಾಮಾನ್ಯವಾಗಿ ಹಳೆಯ ಆವೃತ್ತಿಯದು. ಬ್ಯಾಂಕಿನ ಆ್ಯಪ್ ಹಾಕಲು ಹೋಗಬೇಡಿ, ಓದಲು ಬೇಕಾದದ್ದನ್ನು ಮಾತ್ರ ಹಾಕಿ.

ಕೊನೆಗೆ, ಯಂತ್ರವಲ್ಲದ ಒಂದು ಆಯ್ಕೆ. ಕೆಓರೀಡರ್ ಎಂಬ ಉಚಿತ, ಮುಕ್ತ ತಂತ್ರಾಂಶ. ಕೋಬೋ, ಪಾಕೆಟ್‌ಬುಕ್, ಆಂಡ್ರಾಯ್ಡ್ ಎಲ್ಲದರಲ್ಲೂ ಓಡುತ್ತದೆ. ಕಿಂಡಲ್‌ನಲ್ಲಿ ಹಾಕಲು ಕಂಪನಿ ಹಾಕಿದ ತಂತ್ರಾಂಶದ ಬೀಗ ಒಡೆಯಬೇಕಾಗುತ್ತದೆ, ಹೊಸಬರು ಆ ಸಾಹಸ ಮಾಡದಿರುವುದೇ ಒಳ್ಳೆಯದು. ಟಿಪ್ಪಣಿ ಹೊರತೆಗೆಯುವ ವಿಷಯದಲ್ಲಿ ಇದನ್ನು ಮೀರಿಸಿದ್ದು ನನಗೆ ಕಂಡಿಲ್ಲ. ಮಾರ್ಕ್‌ಡೌನ್, ಟೆಕ್ಸ್ಟ್, ಎಚ್‌ಟಿಎಂಎಲ್, ಜೇಸನ್ ಯಾವುದು ಬೇಕೋ ಅದರಲ್ಲಿ ತೆಗೆಯಬಹುದು. ಜಾಪ್ಲಿನ್‌ಗೆ, ಟಿಪ್ಪಣಿ ಒಟ್ಟು ಮಾಡುವ ರೀಡ್‌ವೈಸ್ ಸೇವೆಗೆ ನೇರವಾಗಿ ಕಳಿಸಬಹುದು. ಪ್ರತಿ ಪುಸ್ತಕದ ಗೆರೆಗಳೂ ಆ ಪುಸ್ತಕದ ಪಕ್ಕದಲ್ಲೇ ಒಂದು ಸಣ್ಣ ಫೋಲ್ಡರಿನಲ್ಲಿ ಇರುತ್ತವೆ. ಕನ್ನಡ ಅಕ್ಷರ ಸರಿಯಾಗಿ ಕಾಣದಿದ್ದರೆ ನೋಟೊ ಸೆರಿಫ್ ಕನ್ನಡದಂಥ ಉಚಿತ ಫಾಂಟನ್ನು ಅದರ ಫಾಂಟ್ಸ್ ಫೋಲ್ಡರಿಗೆ ಹಾಕಿ, ಸೆಟ್ಟಿಂಗ್ಸ್‌ನಲ್ಲಿ ಆರಿಸಿ. ಮೆನುಗಳು ಜಾಸ್ತಿ, ಶುರುವಿನಲ್ಲಿ ಗೊಂದಲವಾಗುತ್ತದೆ. ಒಂದು ವಾರ ಬಳಸಿ, ಅಭ್ಯಾಸವಾಗುತ್ತದೆ. ನಕಲು ತಡೆಯಲು ಅಂಗಡಿಯವರು ಬೀಗ ಹಾಕಿ ಮಾರಿದ ಪುಸ್ತಕಗಳನ್ನು ಮಾತ್ರ ಇದು ತೆರೆಯುವುದಿಲ್ಲ.

ಹೆಜ್ಜೆ 5: ಸ್ಕ್ರೀನ್, ಬಣ್ಣ, ಪೆನ್ನು

ಇ-ಪಬ್ ಓದಲು 6 ಅಥವಾ 7 ಇಂಚು ಸಾಕು. ಪಿಡಿಎಫ್, ಅದರಲ್ಲೂ ಸ್ಕ್ಯಾನ್ ಪುಸ್ತಕ ಓದುವವರಿಗೆ 10 ಇಂಚಿನ ಆಸುಪಾಸು ಬೇಕು. 7 ಇಂಚಿನಲ್ಲಿ ಪುಟವನ್ನು ಹಿಗ್ಗಿಸಿ, ಸರಿಸಿ, ಮತ್ತೆ ಹಿಗ್ಗಿಸಿ ಓದುವಷ್ಟರಲ್ಲಿ ಗೆರೆ ಎಳೆಯುವ ಉತ್ಸಾಹವೇ ಇಳಿದುಹೋಗುತ್ತದೆ.

ಬಣ್ಣದ ಸ್ಕ್ರೀನ್ ಬೇಕೇ? ಕೆಲೈಡೊ 3 ಎಂಬ ಬಣ್ಣದ ಇ-ಇಂಕ್‌ನಲ್ಲಿ ಕಪ್ಪು-ಬಿಳುಪು ಇಂಚಿಗೆ 300 ಚುಕ್ಕಿ, ಬಣ್ಣ 150 ಚುಕ್ಕಿ. ಬಣ್ಣದ ಪದರ ಮೇಲಿರುವುದರಿಂದ ಹಿನ್ನೆಲೆ ಸ್ವಲ್ಪ ಮಂಕಾಗಿ ಕಾಣುತ್ತದೆ. ಗೆರೆಗೆ ನಾಲ್ಕು ಬಣ್ಣ ಹಾಕುವುದು ಚಂದ, ನಿಜ. ಹೊರಗೆ ಬರುವ ಟೆಕ್ಸ್ಟ್ ಫೈಲಿನಲ್ಲಿ ಆ ಬಣ್ಣ ಉಳಿಯುವುದೇ ಎಂದು ಮೊದಲು ನೋಡಿ. ಉಳಿಯದಿದ್ದರೆ ಬಣ್ಣಕ್ಕಿಂತ ಟಿಪ್ಪಣಿಯ ಶುರುವಿನಲ್ಲಿ ಹಾಕುವ ಒಂದು ಗುರುತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಉಲ್ಲೇಖಕ್ಕೆ ‘ಉ.’, ಪ್ರಶ್ನೆಗೆ ‘ಪ್ರ.’, ಹೊಸ ಪದಕ್ಕೆ ‘ಪದ.’ ಹೀಗೆ. ಆಮೇಲೆ ಹುಡುಕಿದರೆ ಒಂದೊಂದು ಜಾತಿಯೂ ಒಟ್ಟಿಗೆ ಸಿಗುತ್ತದೆ.

ಪೆನ್ನಿನಲ್ಲಿ ಬರೆಯುವುದು ಸುಖ. ಆದರೆ ಕೈಬರಹ ಸಾಮಾನ್ಯವಾಗಿ ಹೊರಗೆ ಬರುವುದು ಚಿತ್ರವಾಗಿ. ಹುಡುಕಿದರೆ ಸಿಗಬೇಕಾದ ಮಾತನ್ನು ಟೈಪ್ ಮಾಡಿ. ಲೆಕ್ಕ, ನಕ್ಷೆ, ಬಾಣದ ಗುರುತು, ಹಳೆಗನ್ನಡ ಪದ್ಯದ ಪ್ರಸ್ತಾರ ಹಾಕುವಂಥ ಕೆಲಸಕ್ಕೆ ಪೆನ್ನು ಇರಲಿ.

ಹೆಜ್ಜೆ 6: ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು

ಯಂತ್ರ ಮನೆಗೆ ಬಂದ ದಿನವೇ ಪುಸ್ತಕ ಓದಲು ಕೂರಬೇಡಿ. ಫೋನಿನಲ್ಲಿ ಮಾಡಿದ ಪರೀಕ್ಷೆಯನ್ನೇ ಅದೇ ಪುಸ್ತಕಗಳಿಂದ ಇದರಲ್ಲೂ ಮಾಡಿ. ಕನ್ನಡ ಇ-ಪಬ್ ತೆರೆದು ‘ಕ್ಷ’, ‘ಜ್ಞ’, ‘ಸ್ತ್ರೀ’, ‘ರಾಷ್ಟ್ರ’, ಅರ್ಕಾವತ್ತು ಇರುವ ಪದಗಳು ಸರಿಯಾಗಿ ಕೂಡಿಕೊಂಡಿವೆಯೇ ನೋಡಿ. ಒತ್ತು ಬಿಡಿಬಿಡಿಯಾಗಿ ಕಂಡರೆ ಫಾಂಟ್ ಬದಲಿಸಿ ನೋಡಿ. ಕಿಂಡಲ್, ಕೋಬೋ ಎರಡರಲ್ಲೂ ಫಾಂಟ್ಸ್ ಫೋಲ್ಡರಿಗೆ ಬೇಕಾದ ಫಾಂಟ್ ಹಾಕಬಹುದು. ಎರಡು ಪುಟಕ್ಕೆ ಹರಡಿದ ವಾಕ್ಯಕ್ಕೆ ಗೆರೆ ಎಳೆಯಿರಿ. ಹೊರತೆಗೆಯಿರಿ. ಬಂದ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದು ಮೂಲದ ಜೊತೆ ಅಕ್ಷರ ಅಕ್ಷರ ಹೋಲಿಸಿ. ಸರಿಬರದಿದ್ದರೆ ಅವಧಿಯೊಳಗೇ ವಾಪಸ್ ಕೊಡಿ. ಮುಂದಿನ ಅಪ್‌ಡೇಟ್‌ನಲ್ಲಿ ಸರಿಹೋಗುತ್ತದೆ ಎಂಬ ಭರವಸೆಯ ಮೇಲೆ ಇಟ್ಟುಕೊಳ್ಳಬೇಡಿ.

ಪುಟಸಂಖ್ಯೆಯನ್ನೂ ಈಗಲೇ ನೋಡಿ. ಸಂಶೋಧಕರಿಗೆ ಇದು ಬಹಳ ಮುಖ್ಯ. ಕಿಂಡಲ್ ಕೆಲವು ಪುಸ್ತಕಕ್ಕೆ ಪುಟಸಂಖ್ಯೆ ಕೊಡುತ್ತದೆ, ಕೆಲವಕ್ಕೆ ಲೊಕೇಶನ್ ಎಂಬ ತನ್ನದೇ ಅಂಕಿ ಕೊಡುತ್ತದೆ. ಇ-ಪಬ್‌ನಲ್ಲಿ ಅಕ್ಷರ ದೊಡ್ಡದು ಮಾಡಿದರೆ ಪುಟದ ಲೆಕ್ಕವೇ ಬದಲಾಗಬಹುದು. ಸ್ಕ್ಯಾನ್ ಪಿಡಿಎಫ್‌ನಲ್ಲಿ ಫೈಲಿನ 40ನೇ ಪುಟ ಮುದ್ರಿತ ಪುಸ್ತಕದ 28ನೇ ಪುಟ ಆಗಿರಬಹುದು, ಮುನ್ನುಡಿಯ ಪುಟಗಳ ಲೆಕ್ಕ ಬೇರೆ. ಪ್ರಬಂಧದ ಅಡಿಟಿಪ್ಪಣಿಗೆ ಬೇಕಾದದ್ದು ಮುದ್ರಿತ ಪುಟ. ಹಾಗಾಗಿ ಉಲ್ಲೇಖಿಸುವ ಸಾಲು ಎಂದು ಅನ್ನಿಸಿದ ಕೂಡಲೇ ಟಿಪ್ಪಣಿಯಲ್ಲಿ ‘ಪು. 28’ ಎಂದು ಬರೆದುಬಿಡಿ. ಪಿಡಿಎಫ್‌ಗಳನ್ನೇ ಜಾಸ್ತಿ ಓದುವ ಸಂಶೋಧಕರು ಜೊಟೆರೊ ಕಡೆ ಒಮ್ಮೆ ನೋಡಿ. 2022ರಲ್ಲಿ ಬಂದ ಅದರ 6ನೇ ಆವೃತ್ತಿಯಿಂದ ಪಿಡಿಎಫ್ ಒಳಗೇ ಗೆರೆ ಎಳೆದು, ಎಲ್ಲ ಗೆರೆಗಳನ್ನೂ ಪುಟಸಂಖ್ಯೆಯ ಸಮೇತ ಒಂದು ಟಿಪ್ಪಣಿಯಾಗಿ ಪಡೆಯಬಹುದು. 2024ರ 7ನೇ ಆವೃತ್ತಿ ಇ-ಪಬ್‌ಗೂ ಇದನ್ನು ತಂದಿತು.

ಹೆಜ್ಜೆ 7: ಹೊರತೆಗೆಯುವುದನ್ನು ಓದಿನ ಭಾಗ ಮಾಡಿಕೊಳ್ಳಿ

ಪುಸ್ತಕ ಮುಗಿದ ದಿನವೇ ಟಿಪ್ಪಣಿ ತೆಗೆದಿಡಿ. ತಿಂಗಳ ಕೊನೆಗೆ ಎಂದು ಬಿಟ್ಟರೆ ಯಾವ ಗೆರೆ ಯಾಕೆ ಎಳೆದೆವು ಎಂಬುದೇ ಮರೆಯುತ್ತದೆ. ಒಂದು ಪುಸ್ತಕಕ್ಕೆ ಒಂದು ಫೈಲ್. ಫೈಲಿನ ಹೆಸರಿನಲ್ಲಿ ಲೇಖಕರ ಹೆಸರು, ಪುಸ್ತಕದ ಹೆಸರು, ಓದಿದ ವರ್ಷ. ಫೈಲಿನ ಮೇಲ್ಗಡೆ ಪ್ರಕಾಶಕರು, ಮುದ್ರಣದ ವರ್ಷ ಬರೆದಿಡಿ. ಮೂಲ ಫೈಲನ್ನು ಹಾಗೇ ಇಟ್ಟು, ಅದರ ಪ್ರತಿಯೊಂದರಲ್ಲಿ ತಿದ್ದುಪಡಿ ಮಾಡಿ. ಎರಡೆರಡು ಸಲ ಬಂದ ಸಾಲು ಅಳಿಸಿ, ಬೇಡವೆನಿಸಿದ್ದನ್ನು ಬಿಡಿ.

ಹುಡುಕುವಾಗ ಕನ್ನಡದಲ್ಲಿ ಒಂದು ಸೂಕ್ಷ್ಮ ಇದೆ. ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ಅರ್ಧಾಕ್ಷರ ಬಿಡಿಯಾಗಿ ನಿಲ್ಲಲು ಕಣ್ಣಿಗೆ ಕಾಣದ ಒಂದು ಗುರುತು ಸೇರಿರುತ್ತದೆ. ನೀವು ಆ ಗುರುತಿಲ್ಲದೆ ಟೈಪ್ ಮಾಡಿ ಹುಡುಕಿದರೆ ಪದ ಫೈಲಿನಲ್ಲಿದ್ದರೂ ಸಿಗದೆ ಹೋಗಬಹುದು. ಆಗ ಪದದ ಮೊದಲರ್ಧ ಮಾತ್ರ ಕೊಟ್ಟು ಹುಡುಕಿ.

ಟಿಪ್ಪಣಿಗಳನ್ನು ತಾನಾಗಿಯೇ ಒಟ್ಟು ಮಾಡಿಕೊಡುವ ಸೇವೆಗಳಿವೆ. ರೀಡ್‌ವೈಸ್ ಅಂಥದ್ದು, ತಿಂಗಳ ಶುಲ್ಕ ಇದೆ. ಇಂಗ್ಲಿಷ್ ಪುಸ್ತಕ ಬಹಳ ಓದುವವರಿಗೆ ಅನುಕೂಲ. ಆದರೆ ಯಾವ ಸೇವೆ ಬಳಸಿದರೂ ಸಾದಾ ಟೆಕ್ಸ್ಟ್ ಪ್ರತಿ ಒಂದು ನಿಮ್ಮ ಹತ್ತಿರ ಇರಲಿ. ಓದಬೇಕಾದ ಲೇಖನಗಳನ್ನು ಕೂಡಿಡಲು ಎಷ್ಟೋ ಜನ ನಂಬಿದ್ದ ಪಾಕೆಟ್ ಸೇವೆಯನ್ನು ಮೊಜಿಲ್ಲಾ 2025ರ ಜುಲೈ 8ರಂದು ನಿಲ್ಲಿಸಿತು. ರೀಡರ್‌ನಲ್ಲೇ ಅದನ್ನು ಬಳಸುತ್ತಿದ್ದ ಕೋಬೋ ಓದುಗರು ಅಂಥದ್ದೇ ಇನ್ನೊಂದು ಸೇವೆಯಾದ ಇನ್‌ಸ್ಟಾಪೇಪರ್‌ಗೆ ಹೋಗಬೇಕಾಯಿತು.

ರೀಡರನ್ನು ಬೇರೆಯವರಿಗೆ ಕೊಡುವ, ಮಾರುವ, ರಿಪೇರಿಗೆ ಕಳಿಸುವ, ರೀಸೆಟ್ ಮಾಡುವ ಮೊದಲು ಒಮ್ಮೆ ಕೇಬಲ್ ಹಾಕಿ. ಕಿಂಡಲ್ ಆದರೆ ಮೈ ಕ್ಲಿಪಿಂಗ್ಸ್ ಫೈಲ್, ಕೋಬೋ ಆದರೆ ಆ ಅಡಗಿದ ಫೋಲ್ಡರ್ ಪೂರ್ತಿ, ಕೆಓರೀಡರ್ ಆದರೆ ಪುಸ್ತಕಗಳ ಪಕ್ಕದ ಫೋಲ್ಡರ್‌ಗಳು, ಬೂಕ್ಸ್ ಆದರೆ ಪ್ರತಿ ಪುಸ್ತಕದ ಟೆಕ್ಸ್ಟ್ ಫೈಲ್. ಕಂಪ್ಯೂಟರಿಗೆ ಒಂದು ಪ್ರತಿ, ಪೆನ್‌ಡ್ರೈವ್‌ಗೋ ಗೂಗಲ್ ಡ್ರೈವ್‌ಗೋ ಇನ್ನೊಂದು ಪ್ರತಿ. ಎರಡನ್ನೂ ತೆರೆದು ಕನ್ನಡ ಸರಿಯಾಗಿ ಕಾಣುತ್ತಿದೆ ಎಂದು ನೋಡಿಕೊಂಡ ಮೇಲೆಯೇ ರೀಸೆಟ್ ಒತ್ತಿ.